ಬದು ಕಾಯುವ ಊರು



ಲ್ಯಾಕ್ಸ್‌ಟನ್ ಹಳ್ಳಿಯ ನಕ್ಷೆ, ಛಾಯಾಚಿತ್ರಗಳ ಪ್ರದರ್ಶನವನ್ನು ಉದ್ಘಾಟಿಸಲು ಕರೆದಿದ್ದೀರಿ, ಸಂತೋಷ. ನಾಟಿಂಗ್‌ಹ್ಯಾಮ್‌ಷೈರಿನ ಈ ಊರಿನಲ್ಲಿ ಕೋಟೆಯ ದಿಬ್ಬವಿದೆ, ಹಳೆಯ ಚರ್ಚಿದೆ. ಇಂಗ್ಲೆಂಡಿನಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ಲ್ಯಾಕ್ಸ್‌ಟನ್ ಉಳಿಸಿಕೊಂಡದ್ದು ಹೊಲವನ್ನು.

ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳು. ಒಳಗೆ ಬೇಲಿಯಿಲ್ಲ, ರೈತರ ಜಮೀನಿನ ಪಟ್ಟಿಗಳು ಅಲ್ಲಿಷ್ಟು, ಇಲ್ಲಿಷ್ಟು ಚದುರಿವೆ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದಕ್ಕೆ ಬಿಡುವು. ವರ್ಷವರ್ಷವೂ ಸರದಿ ಬದಲು. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ದೇಶದ ಇಂಥ ಅನೇಕ ಬಯಲುಗಳಿಗೆ ಕಾಯಿದೆ ಮಾಡಿ ಬೇಲಿ ಹಾಕಿಸಿದರು. ಬಡವನ ಒಂದು ಹಸುವಿಗೂ ಮೇವು ತಪ್ಪಿತು. ಈ ಊರಿನಲ್ಲಿ ಆ ಬೇಲಿ ಪೂರ್ತಿ ಏಳಲಿಲ್ಲ.

ಪ್ರದರ್ಶನದ ಒಳಗೆ ಊರಿನ 1635ರ ನಕ್ಷೆಯ ಪ್ರತಿಯಿದೆ. ಮಾರ್ಕ್ ಪಿಯರ್ಸ್ ರಚಿಸಿದ್ದು; ಮೂಲ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅಂದು ಜಮೀನುದಾರನ ಲೆಕ್ಕಕ್ಕೆ ಬೇಕಿದ್ದದ್ದು ಪಟ್ಟಿಗಳ ಅಳತೆ ಮಾತ್ರ. ಆದರೂ ನಕ್ಷೆಯಲ್ಲಿ ಉಳುವವರು, ಕೊಯ್ಯುವವರು ಪುಟ್ಟಪುಟ್ಟದಾಗಿ ಆ ಪಟ್ಟಿಗಳಲ್ಲಿ ದುಡಿಯುತ್ತಿದ್ದಾರೆ. ನನಗೆ ಇಡೀ ಪ್ರದರ್ಶನದಲ್ಲಿ ಅವರೇ ಹೆಚ್ಚು ಇಷ್ಟ.

ನವೆಂಬರ್ ಮುಗಿಯುವ ಹೊತ್ತಿಗೆ ಗೋಧಿ ಬಿತ್ತಿದ ಬಯಲಿಗೆ ಜ್ಯೂರಿ ಹೊರಡುತ್ತದೆ. ಜ್ಯೂರಿಯೆಂದರೆ ಕೆಸರು ಮೆತ್ತಿದ ಬೂಟಿನ ರೈತರೇ. ಗಡಿಗೂಟ ಬಡಿಯುತ್ತಾರೆ, ಯಾರ ನೇಗಿಲು ದಾರಿಯನ್ನು ತಿಂದಿದೆ, ಯಾರದು ಹುಲ್ಲುಪಟ್ಟಿಯನ್ನು ಒತ್ತಿದೆ ಎಂದು ಹೆಜ್ಜೆಹೆಜ್ಜೆಗೂ ನೋಡುತ್ತಾರೆ. ವಾರದ ಬಳಿಕ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ಊರಿನ ನ್ಯಾಯಸಭೆ ಕೂಡಿ ದಂಡ ವಿಧಿಸುತ್ತದೆ. ದಂಡದ ದುಡ್ಡು ಯಾವ ಲೆಕ್ಕ! ನೆರೆಯವರೆದುರು ತಪ್ಪಿತಸ್ಥನಾಗಿ ನಿಲ್ಲುವುದೇ ಕಷ್ಟ. ಬದು ಒತ್ತಿದ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳದೆ ಬಿಟ್ಟ ಆ ಹುಲ್ಲುಪಟ್ಟಿಗಳನ್ನು ಅವರು ಸೈಕ್ ಎನ್ನುತ್ತಾರೆ. ಕಾಡುಹೂಗಳಿಗೂ ಅದೇ ಆಸರೆ. ಬೇಸಿಗೆಯಲ್ಲಿ ಅದರ ಹುಲ್ಲು ಹರಾಜಾಗುತ್ತದೆ.

1952ರಲ್ಲಿ ಊರನ್ನು ಕೃಷಿ ಸಚಿವಾಲಯ ಕೊಂಡಿತು, 1981ರಲ್ಲಿ ಕ್ರೌನ್ ಎಸ್ಟೇಟ್, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್. ಒಡೆಯರು ಯಾರಾದರೇನು, ಜ್ಯೂರಿ ಹೊಲಕ್ಕೆ ಹೋಗಲೇಬೇಕು. ಇದನ್ನು ಜೀವಂತ ಮ್ಯೂಸಿಯಂ ಎಂದು ಹೊಗಳುವುದು ನನಗೆ ಒಗ್ಗುವುದಿಲ್ಲ. ಅಲ್ಲೀಗ ಟ್ರ್ಯಾಕ್ಟರ್ ಓಡುತ್ತದೆ, ಬೆಲೆ ಕುಸಿದರೆ ಅವರ ಕೈಯೂ ಸುಡುತ್ತದೆ. ಪಟ್ಟಿಪಟ್ಟಿಯಾಗಿ ಬೇಸಾಯ ಮಾಡುವುದು ಸುಲಭವಲ್ಲ. ಸುಲಭವಲ್ಲವೆಂದು ಗೊತ್ತಿದ್ದೂ ಸೇರಿ ನಡೆಸುತ್ತಾರಲ್ಲ, ಪರಂಪರೆಯೆಂದು ನಾನು ಕರೆಯುವುದು ಅದನ್ನೇ.

ಪ್ರದರ್ಶನ ತೆರೆದಿದೆ. ನಕ್ಷೆಯ ಪಕ್ಕ ಭೂತಗನ್ನಡಿ ಒಂದೇ ಇದೆ. ಮಕ್ಕಳಿಗೆ ಮೊದಲು ಕೊಡಿ.