ಎರಡೆರಡಾಗಿ ತೂಗಿ ನೋಡುವಾಗ

ಪುಣೆಯ ವಿಮಾನ ನಗರದಲ್ಲಿ ಬಾಡಿಗೆ ಮನೆ ಹುಡುಕುವ ಒಂದು ಕನ್ನಡ ಸಂಸಾರವನ್ನು ಕಲ್ಪಿಸಿಕೊಳ್ಳಿ. ಕೆಲಸ ಪಕ್ಕದ ಖರಾಡಿಯ ಐಟಿ ಕಂಪನಿಯಲ್ಲಿ. ಲೋಹಗಾಂವ್ ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ವಿಮಾನಗಳ ಸದ್ದಿನ ಯೋಚನೆಯೂ ಇದೆ. ಆಫೀಸು ಹತ್ತಿರವಿರುವುದಕ್ಕಿಂತ ಬಾಡಿಗೆ ಮೂರು ಪಟ್ಟು ಮುಖ್ಯ ಎನ್ನುತ್ತಾರೆ. ಸದ್ದಿಲ್ಲದಿರುವುದಕ್ಕಿಂತ ಆಫೀಸು ಹತ್ತಿರವಿರುವುದು ಎರಡು ಪಟ್ಟು ಮುಖ್ಯವಂತೆ. ಆ ಲೆಕ್ಕಕ್ಕೆ ಬಾಡಿಗೆ ಸದ್ದಿಗಿಂತ ಆರು ಪಟ್ಟು ತೂಗಬೇಕು. ಆದರೆ ನೇರವಾಗಿ ಕೇಳಿದರೆ, "ಮಗು ಮಲಗಬೇಕಲ್ಲ, ಬಾಡಿಗೆಗಿಂತ ಸದ್ದಿಲ್ಲದಿರುವುದೇ ಎರಡು ಪಟ್ಟು ಮುಖ್ಯ" ಎಂಬ ಉತ್ತರ ಬರುತ್ತದೆ!

ಇಂಥ ಸುತ್ತು ಹೊಸದಲ್ಲ. ಬಹುಮತದ ತೀರ್ಪೂ ಹೀಗೆ ಸುತ್ತು ಹೊಡೆಯಬಲ್ಲದೆಂದು ಫ್ರಾನ್ಸಿನ ಕಾಂಡೋರ್ಸೆ 1785ರಲ್ಲೇ ತೋರಿಸಿದ್ದ. 1927ರಲ್ಲಿ ಷಿಕಾಗೋದ ಮನಶ್ಶಾಸ್ತ್ರಜ್ಞ ಥರ್‌ಸ್ಟನ್ 19 ಅಪರಾಧಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಎರಡೆರಡರಲ್ಲಿ ಯಾವುದು ಹೆಚ್ಚು ಘೋರವೆಂದು ಕೇಳಿದರು. ಒಟ್ಟು 171 ಜೋಡಿಗಳು! ಅಷ್ಟರಲ್ಲಿ ಮನಸ್ಸು ಒಂದೆಡೆಯೂ ತಡವರಿಸದಿರುವುದು ಕಷ್ಟ. 1940ರಲ್ಲಿ ಸಂಶೋಧಕರಾದ ಕೆಂಡಲ್ ಮತ್ತು ಬ್ಯಾಬಿಂಗ್ಟನ್ ಸ್ಮಿತ್ ಅಂಥ ಸುತ್ತುಗಳನ್ನು ಎಣಿಸುವ ಕ್ರಮ ಕೊಟ್ಟರು.

ಯಾವುದು ಮೇಲು ಎನ್ನುವುದರ ಜೊತೆಗೆ ಎಷ್ಟು ಮೇಲು ಎಂದೂ ಕೇಳುವ ವಿಧಾನವನ್ನು ಬೆಳೆಸಿದವರು ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಥಾಮಸ್ ಸಾಟಿ. 1977ರ ಅವರ ಲೇಖನ ಇಂದಿಗೂ ಈ ವಿಷಯಕ್ಕೆ ಆಧಾರ. ಒಂದರಿಂದ ಒಂಬತ್ತರವರೆಗೆ ಅಂಕ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಒಂದು ಅನುಪಾತ, ಅದು 0.10 ಮೀರಬಾರದು.

ನಮ್ಮ ಸಂಸಾರ ಆರರ ಬದಲು ನಾಲ್ಕು ಎಂದಿದ್ದರೆ ಅನುಪಾತ ಸುಮಾರು 0.016. ಅದು ಚಿಂತೆಯ ಮಾತಲ್ಲ. ಅವರು ಕೊಟ್ಟ ಉತ್ತರಕ್ಕೆ 0.63 ಬರುತ್ತದೆ. ಅದು ಅವರ ದಡ್ಡತನವಲ್ಲ. ಮೂರನೆಯ ಪ್ರಶ್ನೆಗೆ ಬಂದಾಗ ಮಗು ನೆನಪಾಯಿತು, ಮೊದಲೆರಡು ಉತ್ತರ ಕೊಡುವಾಗ ಆಗಿರಲಿಲ್ಲ. ಅನುಪಾತದ ನಿಜವಾದ ಉಪಯೋಗ ಅಲ್ಲಿದೆ: ಮರಳಿ ಕೇಳಬೇಕಾಗಿದೆ ಎಂದು ಅದು ತೋರಿಸುತ್ತದೆ. ಉತ್ತರಗಳೆಲ್ಲ ಹೊಂದಿಕೊಂಡ ಮಾತ್ರಕ್ಕೆ ನಿರ್ಧಾರ ಸರಿಯೆಂದೂ ಅಲ್ಲ. ಒಂದೇ ತಪ್ಪು ನಂಬಿಕೆಯನ್ನು ಹಿಡಿದವರ ಉತ್ತರಗಳೂ ಚೆನ್ನಾಗಿಯೇ ಹೊಂದುತ್ತವೆ.

ಇಂದು ಅಂತರ್ಜಲದ ನಕ್ಷೆಗೂ, ಗುತ್ತಿಗೆದಾರರ ಆಯ್ಕೆಗೂ ಈ ವಿಧಾನ ಬಳಕೆಯಲ್ಲಿದೆ. ಆದರೆ ಅನುಪಾತ 0.10ಕ್ಕೆ ಇಳಿಯಲೆಂದು ತಜ್ಞರ ಅಂಕಗಳನ್ನು ಮೇಜಿನ ಮುಂದೆ ಕುಳಿತೇ ತಿದ್ದುವುದು ಅವರ ಮಾತನ್ನು ಅಳಿಸಿದಂತೆಯೇ. ಸಂಶೋಧನೆ ಮಾಡುವ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಕೋರಿಕೆ: ಅಂಕ ಬದಲಿಸುವ ಮೊದಲು, ಅದನ್ನು ಕೊಟ್ಟವರ ಬಳಿಗೆ ದಯವಿಟ್ಟು ಇನ್ನೊಮ್ಮೆ ಹೋಗಿ ಕೇಳಿ.