ಅಜ್ಜನ ಕಾಗದ, ಮೊಮ್ಮಗನ ಲಿಪಿ

(ಮರಳವಾಡಿಯಲ್ಲಿ ರಾಜ್ಯೋತ್ಸವದ ಅಂಗವಾಗಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕನ್ನಡದ ಹಬ್ಬದಲ್ಲಿ ಉಜ್ಬೇಕ್ ಭಾಷೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ನನ್ನ ಮುಖ ಮುಖ ನೋಡಿದರು. ಮರಳವಾಡಿಗೂ ಮಧ್ಯ ಏಷ್ಯಾದ ಉಜ್ಬೇಕಿಸ್ತಾನಕ್ಕೂ ಎಲ್ಲಿಯ ನಂಟು? ನಿಮಗೆ ಗೊತ್ತಿರುವ ರೇಷ್ಮೆಯಿಂದಲೇ ಶುರು ಮಾಡೋಣ. ಈ ಸೀಮೆಯ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕುತ್ತಾರೆ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಾರೆ. ಉಜ್ಬೇಕ್ ರೈತರಿಗೂ ಇದು ಹಳೆಯ ಕಸುಬು. ಗೂಡಿನ ಉತ್ಪಾದನೆಯಲ್ಲಿ ಚೀನಾ, ಭಾರತಗಳ ನಂತರದ ಸ್ಥಾನ ಆ ದೇಶದ್ದು. ಅವರ ನುಡಿಯಲ್ಲಿ ರೇಷ್ಮೆಗೆ ‘ಇಪಕ್’, ಹುಳುವಿಗೆ ‘ಕುರ್ತ್’. ರೇಷ್ಮೆಹುಳು ಎಂದರೆ ‘ಇಪಕ್ ಕುರ್ತಿ’.

ಮೂರು ಕೋಟಿಗೂ ಹೆಚ್ಚು ಜನ ಆಡುವ ಈ ಭಾಷೆ ತುರ್ಕಿ ಬಳಗಕ್ಕೆ ಸೇರಿದ್ದು. ‘ನಾನು ಶಾಲೆಗೆ ಹೋಗುತ್ತೇನೆ’ ಎನ್ನುವುದಕ್ಕೆ ಅವರು ‘ಮೆನ್ ಮಕ್ತಬ್‌ಗಾ ಬರಮನ್’ ಎನ್ನುತ್ತಾರೆ. ‘ಮೆನ್’ ಎಂದರೆ ನಾನು, ‘ಮಕ್ತಬ್’ ಎಂದರೆ ಶಾಲೆ. ನಮ್ಮ ‘ಗೆ’ ಇದ್ದ ಕಡೆ ಅವರ ‘ಗಾ’ ಇದೆ. ಕ್ರಿಯಾಪದ ಕೊನೆಗೇ ಬರುತ್ತದೆ. ‘ನಾನು’ ಎಂಬುದು ಕ್ರಿಯಾಪದದ ಬಾಲದಲ್ಲೂ ಅಂಟಿಕೊಂಡಿದೆ. ಇಷ್ಟಕ್ಕೇ ಎರಡೂ ಒಂದೇ ತಾಯಿಯ ಮಕ್ಕಳು ಎನ್ನಬೇಡಿ. ಕನ್ನಡ ದ್ರಾವಿಡ ಬಳಗದ್ದು. ಪದಕ್ಕೆ ಪ್ರತ್ಯಯ ಹಚ್ಚುತ್ತಾ ಹೋಗುವ ರೀತಿಯಲ್ಲಿ ಮಾತ್ರ ಹೋಲಿಕೆ ಇದೆ. ಇನ್ನು ಬಜಾರು, ಕಾಗದ, ಸಾಬೂನು, ಹವಾ ಮುಂತಾದ ಪದಗಳು ಪಾರಸಿ, ಅರಬ್ಬಿ ದಾರಿಯಲ್ಲಿ ನಡೆದು ಇಬ್ಬರ ಮನೆಗೂ ಬಂದ ನೆಂಟರು. ನಮ್ಮ ‘ಖಜಾಂಚಿ’ಯ ಕೊನೆಯ ‘ಚಿ’ ಮಾತ್ರ ತುರ್ಕಿ ಮೂಲದ್ದು. ಆ ಕೆಲಸ ಮಾಡುವವನು ಎಂದು ಅದರ ಅರ್ಥ.

ಈ ಭಾಷೆಯ ಹಿಂದಿನ ಕತೆ ಒಮ್ಮೆ ನಮ್ಮ ಹಂಪೆಯ ಹತ್ತಿರವೂ ಸುಳಿದಿದೆ. 1443ರಲ್ಲಿ ಪ್ರೌಢದೇವರಾಯನ ವಿಜಯನಗರಕ್ಕೆ ಅಬ್ದುರ್ ರಜಾಕ್ ಎಂಬ ರಾಯಭಾರಿ ಬಂದ. ತೈಮೂರನ ಮಗ ಶಾರುಖ್ ಹೆರಾತ್ ನಗರದಿಂದ ಅವನನ್ನು ಕಳಿಸಿದ್ದ. ತೈಮೂರನ ಮನೆತನದ್ದು ತುರ್ಕಿ ನುಡಿ. ಆದರೂ ರಜಾಕ್ ಹಂಪೆಯ ವೈಭವವನ್ನು ಬರೆದದ್ದು ಪಾರಸಿಯಲ್ಲಿ. ಆಸ್ಥಾನದಲ್ಲಿ ಮಾನ ಇದ್ದದ್ದು ಪಾರಸಿಗೆ.

ಅವನು ಹಂಪೆಗೆ ಬಂದ ವರ್ಷ ಹೆರಾತ್‌ನಲ್ಲಿ ಎರಡು ವರ್ಷದ ಕೂಸೊಂದಿತ್ತು. ಮುಂದೆ ಅಲಿಶೇರ್ ನವಾಯಿ ಎಂಬ ಮಹಾಕವಿಯಾದವನು ಅವನೇ. 1499ರಲ್ಲಿ ಅವನು ಪಾರಸಿ, ತುರ್ಕಿ ಎರಡನ್ನೂ ತೂಗಿ ನೋಡುವ ಪುಸ್ತಕ ಬರೆದು, ತನ್ನ ತಾಯ್ನುಡಿ ಕಾವ್ಯಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ ಎಂದು ವಾದಿಸಿದ. ಆ ನುಡಿಗೆ ಚಗತಾಯ್ ಎಂದು ಹೆಸರು. ಇಂದಿನ ಉಜ್ಬೇಕ್‌ನ ಹಿರಿಯಜ್ಜಿ ಅದು. ಆಂದಿಜಾನ್‌ನಲ್ಲಿ ಹುಟ್ಟಿದ ಬಾಬರ್ ಭಾರತಕ್ಕೆ ಬಂದ ಮೇಲೂ ತನ್ನ ಆತ್ಮಕಥೆಯನ್ನು ಅದೇ ನುಡಿಯಲ್ಲಿ ಬರೆದ. ಅವನ ಮೊಮ್ಮಗ ಅಕ್ಬರನ ಕಾಲದಲ್ಲಿ ಆ ಪುಸ್ತಕವನ್ನು ಪಾರಸಿಗೆ ಅನುವಾದ ಮಾಡಿಸಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಉಜ್ಬೇಕರಿಗೆ ಬೇರೆ ಬಗೆಯ ಕಷ್ಟ ಬಂತು. ಮೊದಲು ಅವರು ಬರೆಯುತ್ತಿದ್ದುದು ಅರಬ್ಬಿ ಲಿಪಿಯಲ್ಲಿ. ಸೋವಿಯತ್ ಸರ್ಕಾರ 1920ರ ದಶಕದ ಕೊನೆಯಲ್ಲಿ ಅದನ್ನು ತೆಗೆದು ಲ್ಯಾಟಿನ್ ಲಿಪಿ, ಅಂದರೆ ಇಂಗ್ಲಿಷ್ ಅಕ್ಷರಗಳ ಲಿಪಿ, ತಂದಿತು. 1940ರಲ್ಲಿ ಅದನ್ನೂ ಬಿಡಿಸಿ ರಷ್ಯನ್ ಅಕ್ಷರಗಳನ್ನು ಕೊಟ್ಟಿತು. 1989ರಲ್ಲಿ ಉಜ್ಬೇಕ್ ಅಲ್ಲಿನ ರಾಜ್ಯಭಾಷೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1993ರಲ್ಲಿ, ಮತ್ತೆ ಲ್ಯಾಟಿನ್‌ಗೆ ಮರಳಲು ಕಾನೂನಾಯಿತು. ಗಡುವುಗಳು ಒಂದರ ಮೇಲೊಂದು ಮುಂದೆ ಹೋದವು, ಇಂದಿಗೂ ಎರಡು ಲಿಪಿಗಳು ಒಟ್ಟಿಗೆ ಬಳಕೆಯಲ್ಲಿವೆ. ಒಂದೇ ಮನೆಯಲ್ಲಿ ಅಜ್ಜನದೊಂದು ಅಕ್ಷರ, ಮಗನದೊಂದು, ಮೊಮ್ಮಗನದೊಂದು. ಅಜ್ಜ ಬರೆದಿಟ್ಟ ಕಾಗದ ಪೆಟ್ಟಿಗೆಯಲ್ಲಿದ್ದರೂ ಅದನ್ನು ಓದಲು ಹೊರಗಿನವರನ್ನು ಕರೆಯಬೇಕು. ಆಡುವ ಮಾತು ಮಾತ್ರ ಮನೆಯಲ್ಲಿ ಉಳಿಯಿತು, ಅದರಿಂದಲೇ ಭಾಷೆಯೂ ಉಳಿಯಿತು.

ಕಳೆದ ಹಬ್ಬದಲ್ಲಿ ನಾನು ನಮ್ಮ ಅಜ್ಜಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಮಾತು ಕನ್ನಡ, ಅಕ್ಷರ ಇಂಗ್ಲಿಷ್. ಬೇಗ ಆಗುತ್ತದೆಂಬ ಸೋಮಾರಿತನ ನನ್ನದು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಜ್ಜಿ, ಮೊಮ್ಮಗ ಬರೆದ ನಾಲ್ಕು ಸಾಲು ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋದರಂತೆ. ಆಮೇಲೆ ಫೋನ್ ಮಾಡಿ ಕೇಳಿದರು: “ಯಾಕಪ್ಪ, ನಿನಗೆ ಕನ್ನಡ ಬರೆಯೋದು ಮರೆತುಹೋಯ್ತಾ?”

ನನಗೆ ಉತ್ತರ ಹೊಳೆಯಲಿಲ್ಲ. ಉಜ್ಬೇಕರ ಲಿಪಿಯನ್ನು ಸರ್ಕಾರದ ಆಜ್ಞೆ ಬದಲಿಸಿತು. ನಮಗೆ ಅಂಥ ಆಜ್ಞೆಯನ್ನು ಯಾರೂ ಕೊಟ್ಟಿಲ್ಲ, ನಾವೇ ಬಿಡುತ್ತಿದ್ದೇವೆ. ಮೊಬೈಲಿನಲ್ಲಿ ಕನ್ನಡ ಅಕ್ಷರ ಮೂಡಿಸಲು ಈಗ ಯಾವ ಅಡ್ಡಿಯೂ ಇಲ್ಲ.

ಮಕ್ಕಳೇ, ಇವತ್ತು ಸಂಜೆ ಮನೆಗೆ ಹೋಗಿ ಅಜ್ಜನಿಗೋ ಅಜ್ಜಿಗೋ ಕನ್ನಡದ ಅಕ್ಷರದಲ್ಲೇ ಒಂದು ಸಾಲು ಬರೆದು ತೋರಿಸಿ. ನಾನೂ ನಮ್ಮ ಅಜ್ಜಿಗೆ ಬರೆಯುತ್ತೇನೆ.