ಬಟ್ಟೆಯ ಬೆನ್ನು ನೋಡಿ

(ಬಸವೇಶ್ವರನಗರದಲ್ಲಿ ಹೆಣಿಗೆ, ಕಸೂತಿ ಕಲಿಯುವ ಮಹಿಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ಬಸವೇಶ್ವರನಗರದ ಹಳೆಯ ಮನೆಗಳ ಬೀರು ತೆಗೆದರೆ ನುಸಿಗುಳಿಗೆಯ ವಾಸನೆಯೊಂದಿಗೆ ಒಂದಾದರೂ ಉಲ್ಲನ್ ಕುಲಾವಿ ಸಿಕ್ಕೀತು. ಮನೆಯಲ್ಲಿ ಬಾಣಂತನವೆಂದರೆ ಉಲ್ಲನ್ ಉಂಡೆ ಬಂತೆಂದೇ ಅರ್ಥವಿದ್ದ ಕಾಲವೊಂದಿತ್ತು. ಹೆಣ್ಣುಮಕ್ಕಳು ಕಡ್ಡಿ ಹಿಡಿಯಲು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ, ಇಲ್ಲವೇ ಪಕ್ಕದ ಮನೆಯ ಆಂಟಿಯ ಜಗುಲಿಯಲ್ಲಿ. ಅಂಗಡಿಯ ಕಡ್ಡಿ ಸಿಗದವರಿಗೆ ಸೈಕಲ್ ಚಕ್ರದ ಕಡ್ಡಿಯೇ ಗತಿ. ಮೊದಲ ಪಾಠ ಬಿಚ್ಚುವುದರದ್ದು. ಅಣ್ಣನಿಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ, ಲಡಿ ಸುತ್ತಿ, ಒದ್ದೆ ಮಾಡಿ ಒಣಗಿಸಿದರೆ ನೂಲಿನ ಸುರುಳಿ ಹೋಗಿ ಮತ್ತೆ ಹೊಸದರಂತಾಗುತ್ತಿತ್ತು. ಆಮೇಲೆ ನಿಟ್, ಪರ್ಲ್. ಜಗತ್ತಿನ ಎಲ್ಲ ಸ್ವೆಟರುಗಳೂ ಈ ಎರಡೇ ಕುಣಿಕೆಗಳ ಸಂತಾನ. ಒಂದು ಜಾರಿತೋ, ಕೆಳಗಿನ ಸಾಲುಗಳೆಲ್ಲ ಏಣಿಯಂತೆ ಬಿಚ್ಚಿಕೊಳ್ಳುತ್ತವೆ.

ಈ ಹೆಣಿಗೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಅದರ ಅತಿ ಹಳೆಯ ಮಾದರಿಗಳಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಕಾಲುಚೀಲಗಳೂ ಸೇರಿವೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ನಮ್ಮ ಸೂಜಿಯ ತವರು ಬೇಕೆಂದರೆ ಧಾರವಾಡದ ಕಡೆಗೇ ಹೋಗಬೇಕು.

ಅಲ್ಲಿನ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಮೂಡಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂಥೆ ಎಂದು ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಆದ್ದರಿಂದಲೇ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಹೊರಟಲ್ಲಿಗೇ ಮರಳುವ ದಾರಿಯನ್ನು ಹೆಂಗಸರು ತಲೆಯಲ್ಲೇ ಲೆಕ್ಕ ಹಾಕುತ್ತಿದ್ದರು. ಮಕ್ಕಳಿಗೆ ಗಣಿತದ ಟ್ಯೂಷನ್ ಹುಡುಕುವ ನಾವು ಇದನ್ನು ಗಣಿತವೆಂದು ಕರೆಯಲೇ ಇಲ್ಲ! ಮದುವೆಗೆ ಉಡುವ ಕಪ್ಪು ಚಂದ್ರಕಾಳಿ ಸೀರೆಗೆ ಈ ಕೆಲಸ ಇರಲೇಬೇಕಿತ್ತು.

ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೂ ಯಂತ್ರದ ಕಸೂತಿ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ವಾರಗಟ್ಟಲೆ ಕಣ್ಣು ಸವೆಸಿದವಳ ಸೀರೆಯೂ ಯಂತ್ರ ಉಗುಳಿದ ಸೀರೆಯೂ ಒಂದೇ ಕಪಾಟಿನಲ್ಲಿದ್ದರೆ ಗಿರಾಕಿ ಅಗ್ಗದ್ದನ್ನೇ ಎತ್ತಿಕೊಳ್ಳುತ್ತಾನೆ. ಕೈಕೆಲಸವೆಂದರೆ ಪುಕ್ಕಟೆ ಹೊತ್ತು ಕಳೆಯುವ ಕೆಲಸ ಎಂಬ ನಮ್ಮ ಹಳೆಯ ಎಣಿಕೆಯೂ ಅವಳ ಕೂಲಿಯನ್ನು ಕಡಿಮೆ ಮಾಡಿದೆ.

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಬೇರೊಂದು ದಾರಿ ತೋರಿಸಿದ್ದಾರೆ. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳು 2023ರ ಜುಲೈನಲ್ಲಿ ಹಂಪಿಯಲ್ಲಿ, ಜಿ-20 ಸಭೆಯ ಹೊತ್ತಿಗೆ, ಗಿನ್ನೆಸ್ ದಾಖಲೆ ಮಾಡಿದವು.

ಇನ್ನು ಅಂಗಡಿಗೆ ಹೋದಾಗ ಸೆರಗನ್ನು ತಿರುವಿ ಹಾಕಿ ನೋಡಿ. ಗವಂತಿಯ ಗೋಪುರ ಹಿಂದೆಯೂ ಗೋಪುರವಾಗಿಯೇ ಕಾಣಬೇಕು. ಅಲ್ಲಿ ಬಿಳಿ ನೂಲಿನ ಗೋಜಲಿದ್ದರೆ ಅದು ಯಂತ್ರದ್ದು.